ಹುಲ್ಲು ತುಂಬಿದ ಲಾರಿ

ಬೇರೆಯವರ ಮನೆಗೆ ನೆಂಟರು ಬಾಗಿಲಿನಿಂದ ಬರುತ್ತಾರೆ. ಮೇಸ್ತ್ರಿಯ ಅಕ್ಕನ ಮನೆಗೆ ಲಾರಿಗಳು ಮೇಲಿನಿಂದ ಬರುತ್ತಿದ್ದವು. ಆರು ವರ್ಷದಲ್ಲಿ ಎರಡು ಬಂದಿದ್ದವು. ಮೊದಲನೆಯದು ಉಪ್ಪಿನ ಲಾರಿ. ಬಚ್ಚಲಿನ ಗೋಡೆಯನ್ನು ನೆಲಸಮ ಮಾಡಿ, ಹಿತ್ತಲಲ್ಲಿ ಇನ್ನು ಹುಲ್ಲುಕಡ್ಡಿಯೂ ಹುಟ್ಟದಂತೆ ಉಪ್ಪು ಸುರಿದು ಹೋಯಿತು. ಎರಡನೆಯದು ಕಾಗದದ ಹೊರೆ ಹೊತ್ತಿದ್ದು. ಅಕ್ಕ ಬಟ್ಟೆ ಹೊಲಿಯುವ ಮುಂಗೋಣೆಯ ಸೂರಿನ ಮೇಲೆ ಬಂದು ಕೂತಿತು. ಮೊದಲ ಸಲ ಅಕ್ಕ ನೂಲು ತರಲು ಅಂಗಡಿಗೆ ಹೋಗಿದ್ದಳು. ಎರಡನೆಯ ಸಲ ನಲ್ಲಿಯ ಹತ್ತಿರ ಪಕ್ಕದವಳ ಜೊತೆ ಜಗಳ ಕಾಯುತ್ತಿದ್ದಳು. ಆ ಜಗಳ ಐದು ನಿಮಿಷ ಮೊದಲೇ ಮುಗಿದಿದ್ದರೆ ಅಕ್ಕನ ಕತೆಯೂ ಮುಗಿದಿರುತ್ತಿತ್ತು.

ಮನೆಯ ತಪ್ಪೇನೂ ಇರಲಿಲ್ಲ. ಮನೆ ಮೊದಲು ಕಟ್ಟಿದ್ದು, ಸೇತುವೆ ಆಮೇಲೆ ಬಂದಿದ್ದು. ಬಂದ ಸೇತುವೆ ನೆಟ್ಟಗಾದರೂ ಹೋಯಿತೇ? ಸರಿಯಾಗಿ ಅಕ್ಕನ ಮನೆಯ ನೆತ್ತಿಗೆ ಬಂದು ಸೊಂಟ ತಿರುಗಿಸಿತು. ಆ ತಿರುವಿನಲ್ಲಿ ಉಕ್ಕಿನ ತಡೆಬೇಲಿ ಹಾಕಿದವನು ಅಕ್ಕನ ಸ್ವಂತ ತಮ್ಮ, ಈ ಮೇಸ್ತ್ರಿಯೇ. ರಸ್ತೆ ಇಲಾಖೆಯಲ್ಲಿ ಮೂವತ್ತು ವರ್ಷದಿಂದ ಬೇಲಿ ಕಂಬ ನೆಡುತ್ತಿದ್ದವನು. ಎರಡೂ ಸಲ ಲಾರಿಯನ್ನು ಕ್ರೇನು ಎತ್ತಿಕೊಂಡು ಹೋದ ಮೇಲೆ ಅದೇ ಜಾಗಕ್ಕೆ ಅದೇ ಬೇಲಿಯನ್ನು ಮತ್ತೆ ಹಾಕಿದವನೂ ಅವನೇ.

ಬೇಲಿ ಕೆಟ್ಟದ್ದಲ್ಲ. ಅಲೆಯಂತೆ ಮಡಿಸಿದ ಉಕ್ಕಿನ ಪಟ್ಟಿ, ಎರಡು ಮಾರಿಗೊಂದು ಕಂಬ, ಎತ್ತರ ಮೊಣಕಾಲಿಗಿಂತ ತುಸು ಮೇಲೆ. ಕಾರು ಬಂದು ಬಡಿದರೆ ತಾಯಿ ಮಗುವನ್ನು ಹಿಡಿದ ಹಾಗೆ ಹಿಡಿದುಕೊಳ್ಳುತ್ತದೆ. ಅದನ್ನು ಮಾಡಿದ್ದೇ ಕಾರಿಗಾಗಿ. ಲೋಡು ಹೊತ್ತ ಲಾರಿಗೆ ಮಾತ್ರ ಅದು ಬೇಲಿಯಲ್ಲ, ಹೊಸ್ತಿಲು. ಇಷ್ಟು ತಿಳಿಯಲು ಓದು ಬೇಕಿಲ್ಲ, ಕಣ್ಣಿದ್ದರೆ ಸಾಕು. ಓದಿದವರು ಕಣ್ಣನ್ನು ಕಡತಕ್ಕೆ ಕೊಟ್ಟುಬಿಟ್ಟಿರುತ್ತಾರೆ, ಅದೇ ತೊಂದರೆ.

ಅಕ್ಕ ಅರ್ಜಿ ಬರೆದಳು. ತಿರುವಿಗೆ ಎದೆಮಟ್ಟದ ಕಾಂಕ್ರೀಟ್ ಗೋಡೆ ಕಟ್ಟಿಕೊಡಿ ಎಂದು ಕೇಳಿದಳು. ನಾಲ್ಕು ತಿಂಗಳ ಮೇಲೆ ಉತ್ತರ ಬಂತು: ‘ತಮ್ಮ ಮನವಿಯನ್ನು ಗಂಭೀರವಾಗಿ ಪರಿಗಣಿಸಿ ತಡೆಬೇಲಿಗೆ ಹೊಳೆಯುವ ಸ್ಟಿಕ್ಕರ್ ಅಂಟಿಸಲಾಗಿದೆ.’

ಅಕ್ಕ ಕಾಗದವನ್ನು ತಮ್ಮನ ಮುಂದೆ ಹಿಡಿದಳು. “ಓದು. ಮೂರನೇ ಲಾರಿ ಬೀಳೋವಾಗ ದಾರಿ ಚೆನ್ನಾಗಿ ಕಾಣಲಿ ಅಂತ ದೀಪ ಹಚ್ಚಿದ್ದಾರೆ.”

“ನಾನೇನು ಮಾಡ್ಲಿ ಅಕ್ಕ. ಅವರು ಕೊಟ್ಟಿದ್ದನ್ನ ನಾನು ನೆಡ್ತೀನಿ.”

“ನೆಡು, ನೆಡು. ಕೊನೆಗೆ ನನ್ನನ್ನೂ ನೀನೇ ನೆಡಬೇಕಲ್ಲ.”

ಗೋಡೆಯ ನಕ್ಷೆ ಇಲಾಖೆಯ ಬೀರುವಿನಲ್ಲಿ ಇದೆ ಎಂಬುದು ಮೇಸ್ತ್ರಿಗೆ ಗೊತ್ತಿತ್ತು. ಅವನೇ ಒಮ್ಮೆ ಅದರ ಮೇಲಿನ ಧೂಳು ಒರೆಸಿದ್ದ.

ಅಕ್ಕ ಬಿಡುವ ಪೈಕಿ ಅಲ್ಲ. ಹದಿನೇಳನೆಯ ಅರ್ಜಿ ಹೋದ ಮೇಲೆ ಇಲಾಖೆಯ ದೊಡ್ಡ ಸಾಹೇಬರಿಗೆ ತಲೆಬಿಸಿ ಹತ್ತಿತು. ಅವರು ಒಂದು ತೀರ್ಮಾನಕ್ಕೆ ಬಂದರು. ಬೇಲಿ ಭಾರದ ಲಾರಿಯನ್ನು ತಡೆಯುತ್ತದೋ ಇಲ್ಲವೋ, ಎಲ್ಲರೆದುರು ಪರೀಕ್ಷೆ ಮಾಡಿಯೇ ಬಿಡೋಣ. ತಡೆದರೆ ಗೋಡೆಯ ಮಾತು ಇನ್ನು ಎತ್ತುವಂತಿಲ್ಲ. ತಡೆಯದಿದ್ದರೆ ಗೋಡೆ. ಪರೀಕ್ಷೆಯ ಹೊಣೆ ಕಿರಿಯ ಇಂಜಿನಿಯರರ ತಲೆಗೆ ಬಂತು. ಆತ ನಿಯಮದ ಪುಸ್ತಕವನ್ನು ಕಂಕುಳಲ್ಲಿ ಇಟ್ಟುಕೊಂಡೇ ಓಡಾಡುತ್ತಿದ್ದ. ಹಾಗಾಗಿ ಕೆಲಸಗಾರರ ಬಾಯಲ್ಲಿ ಪುಸ್ತಕದ ಸಾಹೇಬ.

ಊರಾಚೆ ಕೆಲಸ ನಿಂತುಹೋದ ಒಂದು ಕಲ್ಲಿನ ಕ್ವಾರಿ ಇತ್ತು. ಅದಕ್ಕೆ ಇಳಿಯುವ ರಸ್ತೆ ಒಳ್ಳೆಯ ಇಳಿಜಾರು. ಕೆಳಗೆ ಕ್ವಾರಿಯ ಅಂಚಿನಲ್ಲಿ ಬೇಲಿಯನ್ನು ಓರೆಯಾಗಿ ನೆಡುವುದು, ಮೇಲಿನಿಂದ ಲಾರಿಯ ಸ್ಟೇರಿಂಗನ್ನು ಹಗ್ಗದಿಂದ ಬಿಗಿದು, ಚಾಲಕನಿಲ್ಲದೆ ಉರುಳಿಬಿಡುವುದು. ಗುಜರಿಗೆ ಹೋಗಲಿದ್ದ ಒಂದು ಲಾರಿಯನ್ನು ಯಾರೋ ಮಾಲೀಕರಿಂದ ಇಲಾಖೆ ಕೊಂಡಿತು. ಮೇಸ್ತ್ರಿ ಕಂಬ ನೆಟ್ಟ. ಒಂದೊಂದು ಕಂಬದ ಆಳವನ್ನೂ ಅಳೆದು ತೋರಿಸಿ, ಪುಸ್ತಕದ ಸಾಹೇಬನ ಸಹಿ ಹಾಕಿಸಿಕೊಂಡ. ಕೊನೆಯ ಬೋಲ್ಟು ಬಿಗಿಯುತ್ತ ಕೇಳಿದ:

“ಸಾರ್, ಲಾರೀಲಿ ಎಷ್ಟು ಲೋಡ್ ಹಾಕಿಸ್ತೀರಿ?”

“ಲೋಡ್ ಯಾಕೆ?”

“ಸೇತುವೆ ಮೇಲೆ ಖಾಲಿ ಲಾರಿ ಯಾರು ಓಡಿಸ್ತಾರೆ ಸಾರ್?”

“ಮೇಸ್ತ್ರಿ, ಪುಸ್ತಕದಲ್ಲಿ ಹತ್ತು ಚಕ್ರದ ಲಾರಿ ಅಂತ ಇದೆ. ಚಕ್ರ ಎಣಿಸಿ. ಹತ್ತಿದ್ರೆ ಅದು ಲಾರಿ. ಮುಗೀತು.”

“ಖಾಲಿ ಚೀಲದಲ್ಲಿ ಹೊಡೆದ್ರೂ ಕಲ್ಲು ತುಂಬಿದ ಚೀಲದಲ್ಲಿ ಹೊಡೆದ್ರೂ ಪೆಟ್ಟು ಒಂದೇನಾ ಸಾರ್?”

“ಹೊಡೆಯೋ ಬಡಿಯೋ ಮಾತೆಲ್ಲ ಬೇಡ.” ಸಾಹೇಬ ಪುಸ್ತಕ ಮುಚ್ಚಿದ. “ಆದ್ರೂ ಖಾಲಿ ಲಾರಿ ಫೋಟೋದಲ್ಲಿ ಬೋಳಾಗಿ ಕಾಣುತ್ತೆ. ಲೋಡ್ ಇರೋ ಥರ ಕಾಣಬೇಕು ಅಂತ ಮಾಲೀಕರಿಗೆ ಹೇಳಿದ್ದೀನಿ. ಹುಲ್ಲಿನ ಮೂಟೆ ಹಾಕಿ ಟಾರ್ಪಾಲ್ ಕಟ್ಟಿಸ್ತಾರೆ. ದೊಡ್ಡ ಸಾಹೇಬರಿಗೂ ಇದೇ ಸರಿ ಅನ್ನಿಸಿದೆ. ನಿಮಗೆ ಇನ್ನೆರಡು ವರ್ಷ ಸರ್ವೀಸ್ ಇದೆ ಅಲ್ವಾ?”

ಕೊನೆಯ ಪ್ರಶ್ನೆಯನ್ನು ಅವನು ಹವಾಮಾನ ವಿಚಾರಿಸಿದಷ್ಟು ಮೆತ್ತಗೆ ಕೇಳಿದ. ಮೇಸ್ತ್ರಿ ಸ್ಪಾನರನ್ನು ಚೀಲಕ್ಕೆ ಹಾಕಿದ. ಬಾಯಿಗೂ ಒಂದು ಬೋಲ್ಟು ಹಾಕಿಕೊಂಡ.

ಅಂದು ಸಂಜೆ ಅಕ್ಕನ ಮನೆಗೆ ಹೋದಾಗ ಅವಳು ಕೇಳಿದ್ದೂ ಅದನ್ನೇ. “ಲಾರಿ ತುಂಬಿರುತ್ತೆ ತಾನೇ?”

“ಟಾರ್ಪಾಲ್ ಕಟ್ಟಿರ್ತಾರೆ.”

“ನಾನು ಕೇಳಿದ್ದು ಟಾರ್ಪಾಲಿನ ಕೆಳಗಿಂದು.”

“ನಂಗೇನು ಗೊತ್ತು? ಇಣುಕಿ ನೋಡಕ್ಕೆ ಬಿಡ್ತಾರಾ?” ಎಂದು ಮೇಸ್ತ್ರಿ ಅರ್ಧ ಕುಡಿದ ಟೀ ಇಟ್ಟು ಎದ್ದ. ಭಾವ ಇದ್ದಿದ್ದರೆ ಮಾತು ಬೇರೆ ಕಡೆ ಹೊರಳುತ್ತಿತ್ತು. ಆದರೆ ಅಕ್ಕನ ಗಂಡ ಲಾರಿ ಡ್ರೈವರು. ದೂರದ ಬಾಡಿಗೆಗೆಂದು ಹೋದವನು ಹದಿನೈದು ದಿನದಿಂದ ಮನೆಗೆ ಬಂದಿರಲಿಲ್ಲ. ಅಕ್ಕ ಬಾಗಿಲವರೆಗೂ ಬರಲಿಲ್ಲ. ಒಳಗಿನಿಂದಲೇ, “ನಾಳೆ ಹೋಗಿ ಚಪ್ಪಾಳೆ ತಟ್ಟು,” ಎಂದಳು.

ಮರುದಿನ ಬೆಳಿಗ್ಗೆ ಕ್ವಾರಿ ಮದುವೆ ಮನೆಯಂತಾಗಿತ್ತು. ಶಾಮಿಯಾನ, ಬಿಳಿ ಬಟ್ಟೆ ಹಾಕಿದ ಮೇಜು, ನೀರಿನ ಬಾಟಲಿ, ಇಲಾಖೆಯ ಫೋಟೋದವನು. ಶಾಮಿಯಾನ ಹಾಕಿದ್ದು ಎಲ್ಲಿ ಅಂದರೆ, ಬೇಲಿಯ ಬೆನ್ನಿಗೆ. ಅಲ್ಲಿ ಗಾಳಿ ಚೆನ್ನಾಗಿ ಬೀಸುತ್ತದೆಯಂತೆ. ಬೇಲಿಯ ಮೇಲೆ ಇಟ್ಟ ನಂಬಿಕೆಯೋ, ಖಾಲಿ ಲಾರಿಯ ಮೇಲೆ ಇಟ್ಟ ನಂಬಿಕೆಯೋ, ಹೇಳುವುದು ಕಷ್ಟ.

ಹತ್ತು ಗಂಟೆಗೆ ಲಾರಿ ಬಂತು. ಟಾರ್ಪಾಲು ಗೋಪುರದಂತೆ ಎದ್ದಿತ್ತು. ಪುಸ್ತಕದ ಸಾಹೇಬನ ಮುಖ ಅರಳಿತು. ಇಳಿಜಾರಿನ ತುದಿಯಲ್ಲಿ ಲಾರಿ ನಿಂತು, ಅದರಿಂದ ಕೆಂಪು ಕಣ್ಣು ಉಜ್ಜಿಕೊಳ್ಳುತ್ತ ಇಳಿದವನನ್ನು ನೋಡಿ ಮೇಸ್ತ್ರಿಗೆ ಅಚ್ಚರಿಯಾಯಿತು. ಅವನ ಭಾವ.

“ಏನ್ ಭಾವ, ನೀವು ಇಲ್ಲಿ?”

“ಓನರ್ ದಾರೀಲೇ ಫೋನ್ ಮಾಡಿದ್ರು. ಲಾರಿ ಟೆಸ್ಟಿಗೆ ಹೋಗಬೇಕು, ಸೀದಾ ಕ್ವಾರಿಗೆ ತಗೊಂಡು ಹೋಗು ಅಂದ್ರು. ಏನಪ್ಪ ಟೆಸ್ಟು? ಹೊಗೆ ನೋಡ್ತಾರಾ, ಬ್ರೇಕ್ ನೋಡ್ತಾರಾ? ಬೇಗ ಮುಗಿಸಿ ಅಂತ ಹೇಳು, ನಂಗೆ ಇನ್ನೊಂದು ಕಡೆ—”

“ಡ್ರೈವರ್ ಕೀ ಕೊಟ್ಟು ಗೇಟಿನ ಆಚೆ ಹೋಗಬೇಕು,” ಎಂದ ಪುಸ್ತಕದ ಸಾಹೇಬ. “ಪರೀಕ್ಷೆ ಜಾಗದಲ್ಲಿ ಹೊರಗಿನವರು ಇರೋ ಹಾಗಿಲ್ಲ.”

“ಸಾರ್, ಒಂದು ಮಾತು, ಗಾಡೀಲಿ—”

“ಗೇಟಿನ ಆಚೆ ಟೀ ಇದೆ. ಅಲ್ಲಿ ಹೇಳಿ.”

ಹದಿನೈದು ದಿನ ಸ್ಟೇರಿಂಗ್ ಹಿಡಿದ ಮನುಷ್ಯನಿಗೆ ಟೀ ಎಂದರೆ ಕೈಲಾಸ. ಭಾವ ಕೀ ಕೊಟ್ಟು ಹೋದ.

ಮೇಸ್ತ್ರಿ ಲಾರಿಯನ್ನು ಒಂದು ಸುತ್ತು ಬಂದ. ಹಿಂದಿನ ಚಕ್ರಗಳ ಹತ್ತಿರ ಅವನ ಕಾಲು ನಿಂತಿತು. ಟೈರುಗಳು ನೆಲಕ್ಕೆ ಒತ್ತಿ ಅಪ್ಪಚ್ಚಿಯಾಗಿದ್ದವು. ಬಿಲ್ಲಿನಂತೆ ಬಾಗಿರಬೇಕಾದ ಸ್ಪ್ರಿಂಗ್ ಪ್ಲೇಟುಗಳು ಹಲಗೆಯಂತೆ ಚಪ್ಪಟೆಯಾಗಿದ್ದವು. ಟಾರ್ಪಾಲಿನ ಮೇಲೆ ಅಂಗೈ ಇಟ್ಟು ಒತ್ತಿದ. ಹುಲ್ಲಾಗಿದ್ದರೆ ಕೈ ಒಳಗೆ ಹೋಗಬೇಕಿತ್ತು. ಹೋಗಲಿಲ್ಲ.

ಅವನಿಗೆ ತಕ್ಷಣ ಎಲ್ಲ ಅರ್ಥವಾಯಿತು. ಭಾವ ಇಪ್ಪತ್ತೆಂಟು ವರ್ಷದಲ್ಲಿ ಒಂದು ಮೈಲಿಯೂ ಖಾಲಿ ಗಾಡಿ ಓಡಿಸಿದವನಲ್ಲ. ಯಾವ ಡ್ರೈವರೂ ಓಡಿಸುವುದಿಲ್ಲ. ಹೋಗುವಾಗ ಒಂದು ಲೋಡು, ಬರುವಾಗ ರಿಟರ್ನ್ ಲೋಡು. ಖಾಲಿ ಗಾಡಿ ಎಂದರೆ ಅವರಿಗೆ ಡೀಸೆಲ್ಲನ್ನು ಚರಂಡಿಗೆ ಸುರಿದಂತೆ. ಅಂಥವನಿಗೆ ‘ಲೋಡ್ ಇರುವಂತೆ ಕಾಣಬೇಕು’ ಎಂದರೆ ಅವನು ಹುಲ್ಲು ಹುಡುಕುತ್ತ ಹೋಗುತ್ತಾನೆಯೇ? ಲೋಡನ್ನೇ ಹಾಕಿಕೊಂಡು ಬಂದಿದ್ದಾನೆ. ಟೆಸ್ಟು ಮುಗಿಸಿ ಇಳಿಸಿದರಾಯಿತು ಎಂದುಕೊಂಡಿದ್ದಾನೆ.

“ಮೇಸ್ತ್ರಿ, ಸ್ಟೇರಿಂಗ್ ಕಟ್ಟಿದ್ರಾ? ಪಟ್ಟಿ ಹೇಳ್ತೀನಿ, ಹೂಂ ಅನ್ನಿ.” ಪುಸ್ತಕದ ಸಾಹೇಬ ಪೆನ್ನು ತೆಗೆದ. “ಚಕ್ರ ಹತ್ತು?”

“ಹೂಂ.”

“ಕ್ಯಾಬಿನ್‌ನಲ್ಲಿ ಯಾರೂ ಇಲ್ಲ?”

“ಇಲ್ಲ.”

“ಲಾರಿ ನಾವು ಹೇಳಿದ ಹಾಗೇ ಇದೆ?”

ಮೇಸ್ತ್ರಿ ಟಾರ್ಪಾಲಿನ ಕಡೆ ನೋಡಿದ. ನಿನ್ನೆಯವರೆಗೆ ಇವರಿಗಾಗಿ ಬಾಯಿ ಮುಚ್ಚಿಕೊಂಡಿದ್ದೆ. ಈಗ ಬಾಯಿ ಬಿಟ್ಟರೆ ಟಾರ್ಪಾಲು ಬಿಚ್ಚುತ್ತಾರೆ, ಲೋಡು ಇಳಿಸುತ್ತಾರೆ, ಹುಲ್ಲು ತುಂಬುತ್ತಾರೆ, ಬೇಲಿ ಗೆಲ್ಲುತ್ತದೆ. ಆಮೇಲೆ ಯಾವತ್ತೋ ಒಂದು ದಿನ, ಅಕ್ಕ ನಲ್ಲಿಯ ಹತ್ತಿರ ಇಲ್ಲದ ಹೊತ್ತಿನಲ್ಲಿ... ಸೇತುವೆಯ ಮೇಲೆ ಬರುವ ಲಾರಿಗಳು ಹೇಗೆ ಬರುತ್ತವೋ ಇದೂ ಹಾಗೇ ಬಂದಿದೆ. ಮೋಸ ಯಾವುದು, ಇದೋ ಅದೋ?

“ಇದೆ ಸಾರ್,” ಎಂದ. “ಲಾರಿ ಹೆಂಗಿರಬೇಕೋ ಹಂಗಿದೆ.”

ಆದರೆ ಶಾಮಿಯಾನ. ಅದು ಲಾರಿಯ ದಾರಿಗೆ ಸರಿಯಾಗಿ ಬೇಲಿಯ ಹಿಂದೆ ಇತ್ತು. ಮೇಸ್ತ್ರಿಗೆ ಸಿಟ್ಟು ಇತ್ತೇ ಹೊರತು ಯಾರ ಹೆಣವೂ ಬೇಕಿರಲಿಲ್ಲ. ಇಳಿಜಾರಿನಲ್ಲಿ ದಡದಡ ಇಳಿದು ಹೋಗಿ ದೊಡ್ಡ ಸಾಹೇಬರಿಗೆ ಕೈಮುಗಿದ. “ಸಾರ್, ಇಲ್ಲಿ ಕೂರೋದು ಅಪಾಯ. ಆ ಪಕ್ಕಕ್ಕೆ ಹೋಗಿಬಿಡಿ.”

“ಬೇಲಿ ಇದೆಯಲ್ಲಪ್ಪ,” ಎಂದರು ದೊಡ್ಡ ಸಾಹೇಬರು, ನೀರು ಕುಡಿಯುತ್ತ. “ನೀನೇ ಹಾಕಿದ ಬೇಲಿ, ನಿನಗೇ ನಂಬಿಕೆ ಇಲ್ವಾ?”

ಮೇಸ್ತ್ರಿ ತುಸು ಯೋಚಿಸಿದ. “ಅದಲ್ಲ ಸಾರ್. ಕಲ್ಲಿನ ಧೂಳು ಏಳುತ್ತೆ. ಬಟ್ಟೆಗೆ ಬಿದ್ರೆ ಎಷ್ಟು ಒಗೆದ್ರೂ ಹೋಗಲ್ಲ.”

ದೊಡ್ಡ ಸಾಹೇಬರು ತಮ್ಮ ಬಿಳಿ ಅಂಗಿ ನೋಡಿಕೊಂಡರು. ಎರಡು ನಿಮಿಷದಲ್ಲಿ ಮೇಜು, ಕುರ್ಚಿ, ಬಾಟಲಿ, ಸಾಹೇಬರು ಎಲ್ಲ ನೂರು ಹೆಜ್ಜೆ ಆಚೆಗೆ ಹೋದವು. ಜೀವಕ್ಕೆ ಹೆದರದವರು ದೋಭಿಗೆ ಹೆದರುತ್ತಾರೆ.

ಚಕ್ರದ ಅಡಿಯ ಕಲ್ಲು ತೆಗೆದರು. ಲಾರಿ ಮೊದಲು ನಡೆಯಿತು, ಆಮೇಲೆ ಓಡಿತು, ಆಮೇಲೆ ನೆಲ ನಡುಗಿತು. ಖಾಲಿ ಲಾರಿ ಗಡಗಡ ಎಂದು ಕುಣಿಯುತ್ತ ಬರುತ್ತದೆ. ಇದು ಕುಣಿಯಲಿಲ್ಲ. ಸಾಲ ಕೊಟ್ಟವನು ಮನೆಗೆ ಬಂದಂತೆ ಗಂಭೀರವಾಗಿ ಬಂತು. ಬೇಲಿ ಒಂದು ಸಲ ‘ಟಣ್’ ಎಂದಿತು. ಉಕ್ಕಿನ ಪಟ್ಟಿ ಹಾಳೆಯಂತೆ ಮಡಚಿಕೊಂಡಿತು. ಆರು ಕಂಬ ಹಲ್ಲು ಕಿತ್ತಂತೆ ಬೇರುಸಮೇತ ಎದ್ದು ಬಂದವು. ಲಾರಿ ಶಾಮಿಯಾನದ ನಾಲ್ಕು ಕೋಲನ್ನೂ ಬಟ್ಟೆಯನ್ನೂ ತಲೆಗೆ ಸುತ್ತಿಕೊಂಡು ಕ್ವಾರಿಯೊಳಗೆ ಇಳಿದುಹೋಯಿತು. ಟಾರ್ಪಾಲು ಹರಿದು, ಒಳಗಿನಿಂದ ನೀಟಾಗಿ ಕೆತ್ತಿದ ಕಟ್ಟಡದ ಕಲ್ಲುಗಳು ಒಂದರ ಹಿಂದೆ ಒಂದು ಉರುಳಿದವು.

ಮೊದಲು ಬಾಯಿಬಿಟ್ಟವನು ಗೇಟು ಹಾರಿ ಓಡಿಬಂದ ಭಾವ. ಅವನ ಕೈಯಲ್ಲಿ ಇನ್ನೂ ಟೀ ಲೋಟವಿತ್ತು.

“ಅಯ್ಯೋ, ನನ್ನ ಹಾಸಿಗೆ, ನನ್ನ ಸ್ಟೋವು. ಯಾರ್ರೀ ಇದು ಟೆಸ್ಟ್ ಮಾಡಿದ್ದು? ಹದಿನಾರು ಟನ್ ಕಲ್ಲು ಸಾರ್ ಅದರಲ್ಲಿ. ಮಧ್ಯಾಹ್ನಕ್ಕೆ ಡೆಲಿವರಿ ಕೊಡಬೇಕು ನಾನು.”

ಪುಸ್ತಕದ ಸಾಹೇಬನ ಮುಖಕ್ಕೆ ಜೀವ ಬಂತು. “ಕೇಳಿದ್ರಾ ಸಾರ್? ಲೋಡ್ ಇತ್ತಂತೆ. ಹಾಗಾದ್ರೆ ಇದು ಪರೀಕ್ಷೆನೇ ಅಲ್ಲ. ಲೋಡ್ ಲಾರಿ ಪುಸ್ತಕದಲ್ಲೇ ಇಲ್ಲ. ರದ್ದು ಮಾಡಿ ಇನ್ನೊಂದು ಖಾಲಿ ಲಾರಿ ತರಿಸೋಣ.” ಭಾವನ ಕಡೆ ತಿರುಗಿ ಗದರಿದ. “ಯಾರ ಕಲ್ಲಯ್ಯ ಅದು? ಯಾರು ಹಾಕಿಸಿದ್ದು? ಅವರ ಮೇಲೆ ಕೇಸ್ ಹಾಕಿಸ್ತೀನಿ.”

“ನಂಗೇನು ಗೊತ್ತು ಸಾರ್. ಕಲ್ಲು ಕೆತ್ತೋ ಶೆಡ್ಡಿನವರು ಈ ಕಡೆ ಹೋಗೋ ಗಾಡೀಲಿ ಹಾಕಿಬಿಡು ಅಂದ್ರು. ಇಲಾಖೆ ಡೀಸೆಲ್ಲು, ಬಾಡಿಗೆ ಬೇಡ, ಎಲ್ಲ ಮಾತಾಗಿದೆ ಅಂದ್ರು. ಚೀಟಿ ಇದೆ, ನೀವೇ ಓದ್ಕೊಳ್ಳಿ.”

ಪುಸ್ತಕದ ಸಾಹೇಬ ಚೀಟಿ ಓದಿದ. ಇನ್ನೊಮ್ಮೆ ಓದಿದ. ಜೀವನದಲ್ಲಿ ಅವನು ಇಷ್ಟು ಗಮನವಿಟ್ಟು ಯಾವ ಪುಸ್ತಕವನ್ನೂ ಓದಿರಲಿಕ್ಕಿಲ್ಲ. ಚೀಟಿಯನ್ನು ಎರಡಾಗಿ ಮಡಿಸಿದ, ನಾಲ್ಕಾಗಿ ಮಡಿಸಿದ, ಒಳಗಿನ ಜೇಬಿಗೆ ಇಳಿಸಿದ. ಆಮೇಲೆ ದೊಡ್ಡ ಸಾಹೇಬರ ಕಿವಿಯಲ್ಲಿ ಏನೋ ಹೇಳಿದ. ದೊಡ್ಡ ಸಾಹೇಬರು ಊರಿನ ಹೊಸ ಬಡಾವಣೆಯಲ್ಲಿ ಮನೆ ಕಟ್ಟಿಸುತ್ತಿರುವುದು ಎಲ್ಲರಿಗೂ ಗೊತ್ತಿತ್ತು. ಮನೆಯ ಸುತ್ತ ಎರಡು ಅಡಿ ದಪ್ಪದ ಕಲ್ಲಿನ ಕಾಂಪೌಂಡ್ ಏಳುತ್ತಿರುವುದೂ ಗೊತ್ತಿತ್ತು. ಅವರ ಮನೆಯ ಮೇಲೆ ಯಾವ ಸೇತುವೆಯೂ ಇಲ್ಲ. ಆದರೂ ಜಾಗ್ರತೆ ಒಳ್ಳೆಯದಲ್ಲವೇ?

ದೊಡ್ಡ ಸಾಹೇಬರು ಗಂಟಲು ಸರಿಮಾಡಿಕೊಂಡರು. “ಲಾರಿ ಖಾಲಿನೇ ಇತ್ತು ಅಲ್ವಾ?”

“ಖಾಲಿ ಸಾರ್. ಹುಲ್ಲು ಮಾತ್ರ,” ಎಂದ ಪುಸ್ತಕದ ಸಾಹೇಬ.

“ಮತ್ತೆ ಆ ಕಲ್ಲು?”

“ಕ್ವಾರಿ ಸಾರ್. ಕ್ವಾರೀಲಿ ಕಲ್ಲಿರುತ್ತೆ.”

ಭಾವ ಕೆಳಗೆ ಬಿದ್ದ ಕಲ್ಲುಗಳನ್ನು ನೋಡಿದ, ಸಾಹೇಬರನ್ನು ನೋಡಿದ, ತಾನು ಇನ್ನೂ ನಿದ್ದೆಯಲ್ಲಿದ್ದೇನೋ ಎಂದು ಕಣ್ಣು ಉಜ್ಜಿದ. ಮೇಸ್ತ್ರಿ ಅವನ ತೋಳು ಹಿಡಿದು ಹಿಂದಕ್ಕೆ ಎಳೆದ. “ಸುಮ್ನಿರಿ ಭಾವ.”

ಈಗ ಸಾಹೇಬರಿಗೆ ಹೊಸ ತೊಡಕು ಬಂತು. ಹುಲ್ಲಿನ ಲಾರಿಯೂ ಬೇಲಿ ಮುರಿಯಿತು ಎಂದರೆ ಬೇಲಿಯ ಮಾನ ಏನಾಗಬೇಕು? ಇಬ್ಬರೂ ಗುಸುಗುಸು ಮಾಡಿ ಮೇಸ್ತ್ರಿಯ ಕಡೆ ನೋಡಿದರು. ಬಲಿಗೆ ಮೇಕೆ ಹುಡುಕುವವರ ನೋಟ ಹಾಗೇ ಇರುತ್ತದೆ.

“ಮೇಸ್ತ್ರಿ,” ಎಂದ ಪುಸ್ತಕದ ಸಾಹೇಬ, “ಕಂಬ ಸರಿಯಾಗಿ ಹೂತಿರಲಿಲ್ಲ ಅಂತ ಬರೆಯೋಣ. ನಿಮಗೇನೂ ತೊಂದರೆ ಆಗದ ಹಾಗೆ ನೋಡ್ಕೋತೀನಿ. ಒಂದು ಚಿಕ್ಕ ವಿಚಾರಣೆ, ಅಷ್ಟೇ.”

ಮೂವತ್ತು ವರ್ಷ ಒಳಗೇ ಬೇಯುತ್ತಿದ್ದ ಸಿಟ್ಟು ಮೇಸ್ತ್ರಿಯ ನೆತ್ತಿಗೆ ಬಂತು. ಆದರೆ ಬಾಯಿಂದ ಹೊರಟದ್ದು ತಣ್ಣಗಿನ ಮಾತು.

“ಬರೀರಿ ಸಾರ್. ಒಂದೊಂದು ಕಂಬದ ಆಳಕ್ಕೂ ನಿಮ್ಮ ಸಹಿ ನನ್ನ ಹತ್ರ ಇದೆ, ಅದನ್ನ ವಿಚಾರಣೇಲಿ ಕೊಡ್ತೀನಿ. ಲಾರೀಲಿ ಏನಿತ್ತು ಅಂತಾನೂ ಕೇಳ್ತಾರೆ. ನಾನು ಹಳ್ಳಿ ಸ್ಕೂಲಲ್ಲಿ ಓದಿದವನು, ಕಲ್ಲನ್ನ ಹುಲ್ಲು ಅಂತ ಹೇಳೋಷ್ಟು ಕಲಿತಿಲ್ಲ.”

ಭಾವನಿಗೆ ಆಗಷ್ಟೇ ಏನೋ ಹೊಳೆಯಿತು. “ಚೀಟಿ ಇನ್ನೊಂದು ಕಾಪಿ ಶೆಡ್ಡಿನವರ ಹತ್ರ ಇದೆ,” ಎಂದ, ಸಹಾಯ ಮಾಡುವವನ ದನಿಯಲ್ಲಿ. “ಬೇಕಾದ್ರೆ ತಂದುಕೊಡ್ತೀನಿ.”

“ಬೇಡ,” ಎಂದರು ದೊಡ್ಡ ಸಾಹೇಬರು. ಅಷ್ಟು ಬೇಗ ಅವರು ಯಾವ ಕಡತವನ್ನೂ ವಿಲೇವಾರಿ ಮಾಡಿರಲಿಲ್ಲ.

ಎರಡು ತಿಂಗಳಿಗೆ ವರದಿ ಬಂತು. ಹುಲ್ಲು ತುಂಬಿದ ಲಾರಿಯನ್ನು ಸಹ ಸದರಿ ಬೇಲಿಯು ತಡೆಯಲಿಲ್ಲವಾದ್ದರಿಂದ ತಿರುವಿನಲ್ಲಿ ಕಾಂಕ್ರೀಟ್ ಗೋಡೆ ಕಟ್ಟತಕ್ಕದ್ದು ಎಂದು ಅದರಲ್ಲಿತ್ತು. ಅಷ್ಟಕ್ಕೇ ಬಿಟ್ಟಿದ್ದರೆ ಅದು ಇಲಾಖೆ ಹೇಗಾದೀತು? ಹುಲ್ಲು ಇಷ್ಟು ಅಪಾಯಕಾರಿ ಎಂದು ಪರೀಕ್ಷೆಯಿಂದ ಸಿದ್ಧವಾಗಿರುವುದರಿಂದ, ಸೇತುವೆಯ ಎರಡೂ ತುದಿಗೆ ‘ಹುಲ್ಲು ಸಾಗಿಸುವ ಭಾರಿ ವಾಹನಗಳಿಗೆ ಪ್ರವೇಶವಿಲ್ಲ’ ಎಂಬ ಫಲಕ ಹಾಕಲು ಆಜ್ಞೆಯಾಯಿತು. ಫಲಕ ನೆಟ್ಟವನೂ ಮೇಸ್ತ್ರಿಯೇ. ಅವನು ನೆಡುತ್ತಿರುವಾಗಲೇ ಜಲ್ಲಿ, ಸಿಮೆಂಟು, ಕಬ್ಬಿಣ ಹೊತ್ತ ಲಾರಿಗಳು ಹಾರ್ನು ಹೊಡೆಯುತ್ತ ಪಕ್ಕದಲ್ಲೇ ಹೋದವು. ಹುಲ್ಲಿನ ಗಾಡಿಯವನೊಬ್ಬ ಮಾತ್ರ ಫಲಕ ಓದಿ, ತಲೆ ಕೆರೆದುಕೊಂಡು, ಹಿಂದಕ್ಕೆ ತಿರುಗಿಸಿಕೊಂಡ.

ಗೋಡೆ ಎದ್ದಿತು. ಕಬ್ಬಿಣ ಕಟ್ಟುವಾಗ ಮೇಸ್ತ್ರಿ ಯಾರನ್ನೂ ನಂಬಲಿಲ್ಲ, ಒಂದೊಂದು ಗಂಟನ್ನೂ ಎಳೆದು ನೋಡಿದ. ಹಲಗೆ ಬಿಚ್ಚಿದ ದಿನ ಅಕ್ಕ ಕೆಳಗಿನ ಅಂಗಳದಿಂದ, ಬಾಯಲ್ಲಿ ಸೂಜಿ ಕಚ್ಚಿಕೊಂಡು, ಕತ್ತೆತ್ತಿ ನೋಡುತ್ತಿದ್ದಳು. ಮೇಸ್ತ್ರಿ ಮೆಟ್ಟಿಲಿಳಿದು ಬಂದ.

ಅಕ್ಕ ಸೂಜಿ ತೆಗೆದು ಸೆರಗಿಗೆ ಸಿಕ್ಕಿಸಿಕೊಂಡಳು. “ಗಟ್ಟಿಯಾಗೇನೋ ಕಾಣುತ್ತೆ. ಇದು ನಿಲ್ಲಿಸುತ್ತೇನೋ?”

ನಿಲ್ಲಿಸುತ್ತೆ ಎಂದುಬಿಡುವುದು ಸುಲಭವಿತ್ತು. ಅವಳೂ ಅದನ್ನೇ ಕೇಳಲು ಕಾದಿದ್ದಳು. ಮೇಸ್ತ್ರಿ ಕೈಗೆ ಅಂಟಿದ ಸಿಮೆಂಟನ್ನು ಉಜ್ಜಿದ.

“ಲಾರಿ ಎಷ್ಟು ತೂಕ, ಎಷ್ಟು ಜೋರು, ಹೆಂಗೆ ಬಂತು ಅನ್ನೋದರ ಮೇಲೆ ಅಕ್ಕ. ಸವರಿಕೊಂಡು ಬಂದ್ರೆ ಹತ್ತರಲ್ಲಿ ಎಂಟನ್ನ ಹಿಡಿಯುತ್ತೆ. ನೆಟ್ಟಗೆ ನುಗ್ಗಿದ್ರೆ ನಾನು ಆಣೆ ಇಟ್ಟು ಹೇಳಲ್ಲ.”

“ಮಿಕ್ಕ ಎರಡು?”

“ಮಂಚ ಹಿಂದಿನ ಕೋಣೆಗೆ ಹಾಕ್ಕೋ.”

ಬೈಗುಳ ಬರುತ್ತದೆ ಎಂದು ಅವನು ಕಾದ. ಬರಲಿಲ್ಲ. ಅಕ್ಕ ಗೋಡೆಯನ್ನು ಇನ್ನೊಮ್ಮೆ ನೋಡಿ, ಒಳಗೆ ಹೋಗಿ, ಮಂಚದ ಮೇಲಿನ ಬಟ್ಟೆಗಳನ್ನು ಎತ್ತತೊಡಗಿದಳು.

“ನಿಮ್ಮ ಭಾವನ್ನ ಎಬ್ಬಿಸು,” ಎಂದಳು. “ನೀನು ಆ ಕಡೆ ಹಿಡಿ.”

ಬಾಗಿಲು ಕಿರಿದಾಗಿತ್ತು. ಮಂಚದ ಕಾಲು ಬಿಚ್ಚಿ, ಓರೆ ಮಾಡಿ, ಮೂವರೂ ಒಬ್ಬರನ್ನೊಬ್ಬರು ಬೈದುಕೊಳ್ಳುತ್ತ ಒಳಗೆ ದಾಟಿಸುವಷ್ಟರಲ್ಲಿ ಮಧ್ಯಾಹ್ನವಾಯಿತು.